ಮೂಲ ಅಕ್ಷರ ಮಾಯ, ಒತ್ತು ಮಾತ್ರ ಉಳಿದಿದೆ: ಕರ್ನಲ್ ಶುರುವಾಗುವಾಗ ಬೂಟ್‌ಲೋಡರ್ ಇಟ್ಟ ಮೆಮೊರಿ ಕಾಪಾಡುವುದು ಹೇಗೆ?

ಕೌಲ್‌ಬಜಾರ್_ಹುಡುಗ, ಬಳ್ಳಾರಿ
ಶುಕ್ರವಾರ, ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ನಾನು ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಒಂದು ಚಿಕ್ಕ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು, ಬರೆಯುತ್ತಿದ್ದೇನೆ. 32 ಬಿಟ್ ಎಕ್ಸ್86 (ಇಂಟೆಲ್ ಬಗೆಯ ಸಿಪಿಯು), ಸಿ ಭಾಷೆ, ಕರ್ನಲ್ಲನ್ನು ಮೆಮೊರಿಗೆ ತಂದು ಶುರುಮಾಡುವ ಗ್ರಬ್ ಬೂಟ್‌ಲೋಡರ್, ಅವೆರಡರ ನಡುವಿನ ನಿಯಮವಾದ ಮಲ್ಟಿಬೂಟ್. ಆಸೆ ಒಂದೇ. ಕಂಪ್ಯೂಟರ್ ಆನ್ ಮಾಡಿದರೆ ತೆರೆಯ ಮೇಲೆ ಬರುವ ಮೊದಲ ಸಾಲೇ ಕನ್ನಡದಲ್ಲಿರಬೇಕು. ಅದಕ್ಕೆ ನಾನೇ ಕೂತು ಒಂದು ಫಾಂಟ್ ಮಾಡಿದೆ. ಒಂದೊಂದು ಅಕ್ಷರ 16ಕ್ಕೆ 16 ಚುಕ್ಕಿ, ಅಂದರೆ 32 ಬೈಟ್. ಒಟ್ಟು 512 ಅಕ್ಷರರೂಪ. ಮೊದಲ 128 ರೂಪಗಳನ್ನು ಯೂನಿಕೋಡ್‌ನ ಕನ್ನಡ ಪಟ್ಟಿಯ ಕ್ರಮದಲ್ಲೇ ಇಟ್ಟಿದ್ದೇನೆ. ಆಮೇಲೆ ಒತ್ತಕ್ಷರ, ಗುಣಿತ. ಫೈಲ್ ಸರಿಯಾಗಿ 16 ಕೆಬಿ. ಅದನ್ನು ಗ್ರಬ್ ಮೂಲಕ ಮಾಡ್ಯೂಲ್ (ಕರ್ನಲ್ ಜೊತೆ ಮೆಮೊರಿಗೆ ಬರುವ ಫೈಲ್) ಆಗಿ ಲೋಡ್ ಮಾಡುತ್ತೇನೆ.

ಕಂಪ್ಯೂಟರ್‌ನೊಳಗೆ ಇನ್ನೊಂದು ಕಂಪ್ಯೂಟರ್ ನಟಿಸುವ ಕ್ಯೂಎಮುವಿನಲ್ಲಿ "ನಮಸ್ಕಾರ ಬಳ್ಳಾರಿ" ಎಷ್ಟು ಚೆನ್ನಾಗಿ ಬಂತು ಅಂದರೆ ಅಮ್ಮನನ್ನು ಎಬ್ಬಿಸಿ ತೋರಿಸಿದೆ. ನಂತರ ಮೆಮೊರಿಯನ್ನು ಪೇಜ್ ಎಂಬ ತುಂಡುಗಳಾಗಿ ಹಂಚುವ ಪೇಜ್ ಅಲೊಕೇಟರ್ ಸೇರಿಸಿದೆ, ಆಗಲೂ ಸರಿಯೇ ಇತ್ತು. ಮೊನ್ನೆ ಕ್ಯೂಎಮುವಿಗೆ 256 ಎಂಬಿ ಮೆಮೊರಿ ಕೊಟ್ಟು ನಡೆಸಿದೆ. ತೆರೆ ಮೇಲೆ ಬಂದದ್ದು ಇಷ್ಟೇ: "ಸ್ಕಾ", ಖಾಲಿ ಜಾಗ, "ಳ್ಳಾರಿ". ನ, ಮ, ರ, ಬ ಎಲ್ಲವೂ ಮಾಯ. ಮಾವನ ಜೆರಾಕ್ಸ್ ಅಂಗಡಿಯ ಹಳೆ ಲ್ಯಾಪ್‌ಟಾಪ್‌ನಲ್ಲಿ 2 ಜಿಬಿ ಇದೆ. ಅದರಲ್ಲಿ ಹಾಕಿದರೆ ತೆರೆ ಪೂರ್ತಿ ಕಪ್ಪು. ಆದರೆ ಕರ್ನಲ್ ಸತ್ತಿಲ್ಲ, ಕೀಲಿ ಒತ್ತಿದರೆ ಕರ್ಸರ್ ಮುಂದೆ ಹೋಗುತ್ತದೆ.

ಅಕ್ಷರ ಬರೆಯುವ ಫಂಕ್ಷನ್ ನೂರು ಸಲ ನೋಡಿದೆ. ತಪ್ಪು ಕಾಣಿಸುತ್ತಿಲ್ಲ. ಮೆಮೊರಿ ಜಾಸ್ತಿ ಕೊಟ್ಟರೆ ಅಕ್ಷರ ಯಾಕೆ ಹೋಗಬೇಕು?

---

ಸಂಡೂರು_ಗುಡ್ಡ
ಶುಕ್ರವಾರ, ರಾತ್ರಿ 11:58

ಫಾಂಟ್ ಫೈಲೇ ಅರ್ಧ ಲೋಡ್ ಆಗಿರಬಹುದಾ? ಬೂಟ್ ಮಾಡುವ ಐಎಸ್‌ಒ ಫೈಲ್ ಮತ್ತೆ ಮಾಡಿ ನೋಡಿ.

---

ಸಿಂಧನೂರ್ಕಾರ, ರಾಯಚೂರು ಜಿಲ್ಲೆ
ಶನಿವಾರ, ಬೆಳಿಗ್ಗೆ 6:15

ಅರ್ಧ ಲೋಡ್ ಆಗಿದ್ದರೆ ಕೊನೆಯ ಭಾಗ ಹೋಗಬೇಕಿತ್ತು. ಇಲ್ಲಿ ಹೋಗಿರುವುದು ಮೊದಲ ಭಾಗ. ಮೂಲ ಅಕ್ಷರ ಹೋಗಿವೆ, ಒತ್ತು ಮತ್ತು ಗುಣಿತ ಉಳಿದಿವೆ.

ತಮ್ಮಾ, ನಾಲ್ಕು ವಿಷಯ ಹೇಳು. ಕರ್ನಲ್ ಎಲ್ಲಿ ಮುಗಿಯುತ್ತದೆ? ಗ್ರಬ್ ನಿನ್ನ ಫಾಂಟ್ ಮಾಡ್ಯೂಲನ್ನು ಎಲ್ಲಿಟ್ಟಿದೆ? ಶುರುವಿನಲ್ಲಿ ಸಿಪಿಯುವಿನ ಇಬಿಎಕ್ಸ್ ರಿಜಿಸ್ಟರ್‌ನಲ್ಲಿ ಏನಿದೆ? ಅಲೊಕೇಟರ್‌ನ ಬಿಟ್‌ಮ್ಯಾಪ್ (ಯಾವ ಪೇಜ್ ಖಾಲಿ ಅಂತ ಬಿಟ್‌ಗಳಲ್ಲಿ ಬರೆದಿಡುವ ಪಟ್ಟಿ) ಎಲ್ಲಿದೆ, ಎಷ್ಟು ದೊಡ್ಡದು? ಅಕ್ಷರ ಬರೆಯುವ ಫಂಕ್ಷನ್ ಬಿಟ್ಟುಬಿಡು, ಅದರದ್ದು ತಪ್ಪಿಲ್ಲ ಅನಿಸುತ್ತದೆ.

---

ಕೌಲ್‌ಬಜಾರ್_ಹುಡುಗ
ಶನಿವಾರ, ಬೆಳಿಗ್ಗೆ 9:30

ಅಣ್ಣ, ಸೀರಿಯಲ್ ಪೋರ್ಟ್‌ಗೆ ಬರೆಸಿ ನೋಡಿದೆ. ಎಲ್ಲ ವಿಳಾಸ ಹೆಕ್ಸ್‌ನಲ್ಲಿ (16ರ ಎಣಿಕೆ, ಅದರಲ್ಲಿ 1000 ಅಂದರೆ 4096) ಕೊಡುತ್ತಿದ್ದೇನೆ.

ಕರ್ನಲ್ ಶುರು 100000, ಅಂದರೆ 1 ಎಂಬಿ. ಮುಗಿಯುವುದು 113860.
ಫಾಂಟ್ ಮಾಡ್ಯೂಲ್ 115000 ಇಂದ 119000.
ಇಬಿಎಕ್ಸ್ 10000.
ಬಿಟ್‌ಮ್ಯಾಪ್ ಶುರು 114000.

ಕರ್ನಲ್ ಮುಗಿದ ಮೇಲೆ ಬರುವ ಮೊದಲ ಪೂರ್ತಿ ಪೇಜ್‌ನಲ್ಲಿ ಬಿಟ್‌ಮ್ಯಾಪ್ ಇಡುತ್ತೇನೆ. ಅದರ ಗಾತ್ರವನ್ನೂ ಪೂರ್ತಿ ಪೇಜ್‌ಗೆ ಏರಿಸುತ್ತೇನೆ. ಮೊದಲು ಎಲ್ಲ ಬಿಟ್‌ಗೂ 1 ತುಂಬುತ್ತೇನೆ, 1 ಅಂದರೆ ಬಳಕೆಯಲ್ಲಿದೆ. ಆಮೇಲೆ ಗ್ರಬ್ ಕೊಡುವ ಮೆಮೊರಿ ಮ್ಯಾಪ್ (ಯಾವ ಜಾಗ ಯಾವ ಬಗೆಯದ್ದು ಅನ್ನುವ ಪಟ್ಟಿ) ಓದಿ, ಟೈಪ್ 1 ಇರುವ ಜಾಗಕ್ಕೆಲ್ಲ 0 ಹಾಕುತ್ತೇನೆ.

---

ಸಿಂಧನೂರ್ಕಾರ
ಶನಿವಾರ, ಬೆಳಿಗ್ಗೆ 10:20

ಸಿಕ್ಕಿತು. ಲೆಕ್ಕ ಮಾಡೋಣ.

ಒಂದು ಪೇಜ್ 4096 ಬೈಟ್. 128 ಎಂಬಿಗೆ 32768 ಪೇಜ್. ಪೇಜ್‌ಗೆ ಒಂದು ಬಿಟ್ ಅಂದರೆ 4096 ಬೈಟ್ ಬಿಟ್‌ಮ್ಯಾಪ್. ಅದು 114000ದಲ್ಲಿ ಶುರುವಾಗಿ 115000ಕ್ಕೆ ಮುಗಿಯುತ್ತದೆ. ಫಾಂಟ್ ಶುರುವಾಗುವುದು ಅಲ್ಲೇ. ಒಂದು ಬೈಟ್ ಕೂಡ ತಾಗಲಿಲ್ಲ. ಕ್ಯೂಎಮು ತಾನಾಗಿ ಕೊಡುವ ಮೆಮೊರಿ 128 ಎಂಬಿ, ಅದಕ್ಕೇ ನಿನಗೆ ಇಷ್ಟು ದಿನ ಗೊತ್ತಾಗಲಿಲ್ಲ.

256 ಎಂಬಿ ಕೊಟ್ಟೆ. ಬಿಟ್‌ಮ್ಯಾಪ್ 8 ಕೆಬಿ ಆಯಿತು. 116000ರ ತನಕ ಹೋಯಿತು. ಫಾಂಟ್‌ನ ಮೊದಲ 4096 ಬೈಟ್ ಅಳಿಸಿತು. ಅಕ್ಷರಕ್ಕೆ 32 ಬೈಟ್ ಅಂದಿದ್ದೀಯ. 4096 ಭಾಗಿಸು 32 ಎಷ್ಟು? 128. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಇಟ್ಟಿರುವ ಜಾಗವೂ 128. ನಿನ್ನ ಮೂಲ ಅಕ್ಷರಗಳು ಸರಿಯಾಗಿ ಒಂದು ಪೇಜ್‌ನಲ್ಲಿ ಕೂತಿದ್ದವು. ಆ ಪೇಜ್ ಹೋಯಿತು, ಒತ್ತು, ಗುಣಿತ ಇರುವ ಮುಂದಿನ ಮೂರು ಪೇಜ್ ಉಳಿಯಿತು.

2 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಬಿಟ್‌ಮ್ಯಾಪ್ 64 ಕೆಬಿ. 114000 ಇಂದ 124000. ಫಾಂಟ್ ಪೂರ್ತಿ ಅದರೊಳಗೆ. ತೆರೆ ಕಪ್ಪು.

ಅಕ್ಷರ ಯಾಕೆ ಖಾಲಿ ಕಾಣಿಸುತ್ತದೆ, ಕಸ ಯಾಕೆ ಕಾಣಿಸಲಿಲ್ಲ? ಬಿಟ್‌ಮ್ಯಾಪ್‌ನ ಆ ಭಾಗ 128 ಎಂಬಿಯಿಂದ ಮೇಲಿನ ಮೆಮೊರಿಯದ್ದು. ಅದೆಲ್ಲ ಖಾಲಿ ಅಂತ ನೀನು 0 ಹಾಕಿದೆ. ಫಾಂಟ್‌ನಲ್ಲಿ 0 ಅಂದರೆ ಚುಕ್ಕಿ ಇಲ್ಲ.

ನನಗೆ ಇನ್ನೊಂದು ಅನುಮಾನ ಇದೆ. 256 ಎಂಬಿಯಲ್ಲಿ ಕ್ಯೂಎಮು ಮೇಲ್ತುದಿಯ 128 ಕೆಬಿಯನ್ನು ರಿಸರ್ವ್ ಅಂತ ಹೇಳುತ್ತದೆ. ಅದು 32 ಪೇಜ್, ಅಂದರೆ 32 ಬಿಟ್, 4 ಬೈಟ್. ಅಲ್ಲಿ ನೀನು ಮೊದಲು ತುಂಬಿದ 1 ಹಾಗೇ ಇರಬೇಕು. ನಿನ್ನ 16 ಚುಕ್ಕಿ ಅಗಲದ ಅಕ್ಷರದಲ್ಲಿ 4 ಬೈಟ್ ಅಂದರೆ ಎರಡು ಸಾಲು. 128ನೇ ರೂಪವನ್ನು ತೆರೆ ಮೇಲೆ ಬರೆಸಿ ನೋಡು. ಕೆಳಗೆ ಎರಡು ಗಟ್ಟಿ ಗೆರೆ ಕಾಣಬೇಕು.

---

ಕೌಲ್‌ಬಜಾರ್_ಹುಡುಗ
ಶನಿವಾರ, ಬೆಳಿಗ್ಗೆ 10:41

ಅಣ್ಣ!! ಎರಡು ಗೆರೆ ಇವೆ! 128ನೇ ಜಾಗ ಯೂನಿಕೋಡ್‌ನಲ್ಲೇ ಖಾಲಿ, ನಾನು ಅಲ್ಲಿ ಏನೂ ಬರೆದಿಲ್ಲ. ಆದರೂ ಕೆಳಗೆ ಎರಡು ಗೆರೆ ನಿಂತಿವೆ. ಮೈ ಜುಮ್ಮೆಂದಿತು. ನನ್ನ ಬಿಟ್‌ಮ್ಯಾಪ್ ಅನ್ನು ನಾನೇ ಅಕ್ಷರವಾಗಿ ನೋಡುತ್ತಿದ್ದೇನೆ.

ಆದರೆ ಒಂದು ಗೊಂದಲ. 115000 ಇರುವ ಜಾಗವನ್ನು ಮೆಮೊರಿ ಮ್ಯಾಪ್ ಟೈಪ್ 1 ಅಂತಲೇ ತೋರಿಸುತ್ತದೆ. ಟೈಪ್ 1 ಅಂದರೆ ಬಳಸಬಹುದು ಅಂತ ಅಲ್ವಾ? ಫಾಂಟ್ ಅಲ್ಲಿದೆ ಅಂತ ಗ್ರಬ್‌ಗೆ ಗೊತ್ತು. ಮ್ಯಾಪ್‌ನಲ್ಲಿ ಯಾಕೆ ಹೇಳಲಿಲ್ಲ?

---

ಸಿಂಧನೂರ್ಕಾರ
ಶನಿವಾರ, ಮಧ್ಯಾಹ್ನ 12:05

ಇದೇ ಮುಖ್ಯ ಪ್ರಶ್ನೆ. ನಮ್ಮ ಕಡೆಯ ಮಾತಿನಲ್ಲಿ ಹೇಳುತ್ತೇನೆ. ಪಹಣಿ ನೋಡಿದ್ದೀಯಲ್ಲ? ಕಾಲಂ 9ರಲ್ಲಿ ಜಮೀನು ಯಾರದ್ದು ಅಂತ ಇರುತ್ತದೆ. ಕಾಲಂ 12ರಲ್ಲಿ ಈಗ ಸಾಗುವಳಿ ಯಾರದ್ದು, ಬೆಳೆ ಏನು ಅಂತ ಇರುತ್ತದೆ. ಮಲ್ಟಿಬೂಟ್ ಕೊಡುವ ಮೆಮೊರಿ ಮ್ಯಾಪ್‌ನಲ್ಲಿ ಕಾಲಂ 9 ಮಾತ್ರ ಇದೆ. ಈ ಜಾಗ ರ‍್ಯಾಮ್, ಕರ್ನಲ್‌ಗೆ ಸೇರಿದ್ದು ಅಂತ ಮಾತ್ರ ಹೇಳುತ್ತದೆ. ಅಲ್ಲಿ ಈಗ ಹತ್ತಿ ನಿಂತಿದೆಯಾ ಅಂತ ಹೇಳುವುದಿಲ್ಲ. ನೀನು ಕಾಲಂ 9 ನೋಡಿ ಟ್ರ್ಯಾಕ್ಟರ್ ಇಳಿಸಿದೆ.

ಮ್ಯಾಪ್ ಮೂಲದಲ್ಲಿ ಬರುವುದು ಬಯಾಸ್‌ನಿಂದ, ಅಂದರೆ ಮದರ್‌ಬೋರ್ಡ್‌ನಲ್ಲೇ ಇರುವ ಶುರುವಿನ ತಂತ್ರಾಂಶದಿಂದ. ಗ್ರಬ್ ಅದನ್ನು ಕೇಳಿ ತಂದು ನಿನಗೆ ಕೊಡುತ್ತದೆ. ಬಯಾಸ್‌ಗೆ ನಿನ್ನ ಫಾಂಟ್ ಬಗ್ಗೆ ಏನು ಗೊತ್ತು? ಇದು ಗ್ರಬ್‌ನ ತಪ್ಪಲ್ಲ. ಮಲ್ಟಿಬೂಟ್ ನಿಯಮಗಳು 1995ರಿಂದ ಇವೆ. ಮಾಹಿತಿ ರಚನೆಯನ್ನು (ಮೆಮೊರಿ ಮ್ಯಾಪ್, ಮಾಡ್ಯೂಲ್ ಎಲ್ಲಿವೆ ಅಂತ ಕರ್ನಲ್‌ಗೆ ಹೇಳುವ ಪಟ್ಟಿ) ಬೂಟ್‌ಲೋಡರ್ ಎಲ್ಲಿ ಬೇಕಾದರೂ ಇಡಬಹುದು, ಕೆಲಸ ಮುಗಿಯುವ ತನಕ ಅದರ ಮೇಲೆ ಬರೆಯದಿರುವುದು ಆಪರೇಟಿಂಗ್ ಸಿಸ್ಟಂನ ಹೊಣೆ ಅಂತ ಅದರಲ್ಲಿ ಇದೆ. ಮಲ್ಟಿಬೂಟ್ 2ರಲ್ಲಿ ಇನ್ನೂ ಬಿಡಿಸಿ ಬರೆದಿದ್ದಾರೆ. ಟೈಪ್ 1 ಅಂದ ಜಾಗದೊಳಗೇ ಕರ್ನಲ್, ಮಾಹಿತಿ ರಚನೆ, ಮಾಡ್ಯೂಲ್ ಎಲ್ಲ ಇರುತ್ತವೆ, ಕರ್ನಲ್ಲೇ ಎಚ್ಚರ ವಹಿಸಬೇಕು ಅಂತ.

ಆದ್ದರಿಂದ ಎಕ್ಸ್86ನಲ್ಲಿ ನೀನು ಮಲ್ಟಿಬೂಟ್‌ನಿಂದ ಶುರುವಾದ ಕ್ಷಣದಲ್ಲಿ ಕಾವಲು ಅಂತ ಯಾವ ಹಾರ್ಡ್‌ವೇರೂ ಇಲ್ಲ. ಪೇಜಿಂಗ್ (ಯಾವ ಪೇಜ್ ಮುಟ್ಟಬಹುದು ಅಂತ ಸಿಪಿಯು ನೋಡುವ ವ್ಯವಸ್ಥೆ) ಆಫ್ ಇರುತ್ತದೆ. ಎಲ್ಲಿ ಬೇಕಾದರೂ ಬರೆಯಬಹುದು. ಕಾವಲು ಅಂದರೆ ನಿನ್ನ ಲೆಕ್ಕಪುಸ್ತಕ ಮಾತ್ರ.

---

ಗಂಗಾವತಿ_ಟೀಚರ್, ಕೊಪ್ಪಳ ಜಿಲ್ಲೆ
ಶನಿವಾರ, ಮಧ್ಯಾಹ್ನ 2:30

ಹುಡುಗನ ಕನ್ನಡ ಫಾಂಟ್ ವಿಷಯ ಓದಿ ತುಂಬಾ ಖುಷಿಯಾಯಿತು. ನಾನು ಆಪರೇಟಿಂಗ್ ಸಿಸ್ಟಂ ಪಾಠ ಮಾಡುತ್ತೇನೆ. ಇಷ್ಟು ಸ್ಪಷ್ಟ ಉದಾಹರಣೆ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ.

ಎರಡು ಮಾತು ಸೇರಿಸುತ್ತೇನೆ. ಬಿಟ್‌ಮ್ಯಾಪ್ ಬೇರೆ ಕಡೆ ಇಟ್ಟರೆ ತೊಂದರೆ ಮುಗಿಯಿತು ಅಂದುಕೊಳ್ಳಬೇಡಪ್ಪ. ನಿನ್ನ ಅಲೊಕೇಟರ್ ಲೆಕ್ಕದಲ್ಲಿ ಫಾಂಟ್ ಇರುವ ನಾಲ್ಕು ಪೇಜ್ ಈಗಲೂ ಖಾಲಿ. ಅದು ಕೆಳಗಿನಿಂದ ಪೇಜ್ ಹಂಚುತ್ತದೆ ಅಲ್ವಾ? ಮೊದಲು 640 ಕೆಬಿಯ ಕೆಳಗಿನ ನೂರೈವತ್ತು ಚಿಲ್ಲರೆ ಪೇಜ್ ಹೋಗುತ್ತವೆ. ಆಮೇಲೆ 1 ಎಂಬಿ. ಅಲ್ಲಿ ಕರ್ನಲ್, ಬಿಟ್‌ಮ್ಯಾಪ್ ದಾಟಿದರೆ ಸಿಗುವ ಮೊದಲ ಪೇಜೇ ನಿನ್ನ ಫಾಂಟ್. ನೀನು ಇನ್ನೂ ಅಷ್ಟು ಪೇಜ್ ಕೇಳಿಲ್ಲ, ಅದಕ್ಕೆ 128 ಎಂಬಿಯಲ್ಲಿ ಬಚಾವಾಗಿದ್ದೀಯ.

ಇನ್ನೊಂದು, ಪೇಜ್ ಗಡಿ. ಖಾಲಿ ಅಂತ ಗುರುತು ಹಾಕುವಾಗ ಶುರುವನ್ನು ಮೇಲಕ್ಕೂ ಕೊನೆಯನ್ನು ಕೆಳಕ್ಕೂ ತಳ್ಳಬೇಕು. ಬಳಕೆಯಲ್ಲಿದೆ ಅಂತ ಗುರುತು ಹಾಕುವಾಗ ಸರಿ ಉಲ್ಟಾ. ಶುರು ಕೆಳಕ್ಕೆ, ಕೊನೆ ಮೇಲಕ್ಕೆ. ಎರಡಕ್ಕೂ ಒಂದೇ ಫಂಕ್ಷನ್ ಬಳಸುವವರನ್ನು ಪ್ರತಿ ವರ್ಷ ನೋಡುತ್ತೇನೆ. ಒಂದು ಪೇಜ್‌ನ ಅರ್ಧ ರ‍್ಯಾಮ್, ಅರ್ಧ ರಿಸರ್ವ್ ಇದ್ದರೆ ಆ ಪೇಜ್ ಪೂರ್ತಿ ಬಿಡಬೇಕು.

ಕ್ರಮ ಕೂಡ ಮುಖ್ಯ. ಮೊದಲು ಎಲ್ಲವೂ ಬಳಕೆಯಲ್ಲಿದೆ ಅನ್ನು. ಆಮೇಲೆ ಟೈಪ್ 1 ಬಿಡಿಸು. ಕೊನೆಗೆ ಉಳಿಸಿಕೊಳ್ಳಬೇಕಾದ್ದನ್ನು ಮತ್ತೆ ಹಿಡಿದಿಡು. ಕೊನೆಯ ಹೆಜ್ಜೆಯನ್ನು ಮಧ್ಯದಲ್ಲಿ ಮಾಡಿದರೆ ಟೈಪ್ 1 ಬಿಡಿಸುವಾಗ ಅದೂ ಬಿಟ್ಟುಹೋಗುತ್ತದೆ.

---

ಸಂಡೂರು_ಗುಡ್ಡ
ಶನಿವಾರ, ಮಧ್ಯಾಹ್ನ 3:10

ಇಷ್ಟೆಲ್ಲ ಯಾಕೆ? ಬಿಟ್‌ಮ್ಯಾಪ್, ಹೀಪ್ ಎಲ್ಲ 16 ಎಂಬಿಯಲ್ಲಿ ಇಟ್ಟುಬಿಡಿ. ಕರ್ನಲ್ ಇರುವುದು 1 ಎಂಬಿಯಲ್ಲಿ. ಮಧ್ಯೆ ಬೇಕಾದಷ್ಟು ಜಾಗ ಇದೆ. ನಾನು ಹಾಗೇ ಮಾಡಿದ್ದೇನೆ, ಎರಡು ವರ್ಷದಿಂದ ನಡೆಯುತ್ತಿದೆ.

---

ಸಿಂಧನೂರ್ಕಾರ
ಶನಿವಾರ, ಸಂಜೆ 5:00

ನಡೆಯುತ್ತಿರುವುದು ನಿಜ ಇರಬಹುದು. ಆದರೆ ಈ ಹುಡುಗನದ್ದೂ 128 ಎಂಬಿಯಲ್ಲಿ ನಡೆಯುತ್ತಿತ್ತು.

16 ಎಂಬಿಯಲ್ಲಿ ಏನೂ ಇರುವುದಿಲ್ಲ ಅಂತ ನಿಮಗೆ ಯಾರು ಮಾತು ಕೊಟ್ಟರು? ಮಾಡ್ಯೂಲ್ 20 ಎಂಬಿ ಇದ್ದರೆ ಅಲ್ಲಿಯ ತನಕ ಬರುತ್ತದೆ. ಯುಇಎಫ್‌ಐ (ಬಯಾಸ್ ಜಾಗಕ್ಕೆ ಬಂದ ಹೊಸ ಫರ್ಮ್‌ವೇರ್) ಮಷಿನ್‌ಗಳಲ್ಲಿ ಮೆಮೊರಿ ಮ್ಯಾಪ್ ಹತ್ತಾರು ತುಂಡಾಗಿರುತ್ತದೆ, ಫರ್ಮ್‌ವೇರ್ ಎಲ್ಲಿ ಬೇಕಾದರೂ ಕೂತಿರುತ್ತದೆ. ಬೂಟ್‌ಲೋಡರ್ ಬದಲಾದರೆ ಎಲ್ಲ ಜಾಗವೂ ಬದಲಾಗುತ್ತದೆ. ಗ್ರಬ್ ಬಿಟ್ಟು ಕ್ಯೂಎಮು ತಾನೇ ಕರ್ನಲ್ ಲೋಡ್ ಮಾಡುವ ದಾರಿಯಲ್ಲಿ ಹೋದರೆ ಮಾಹಿತಿ ರಚನೆ ಬೇರೆ ಕಡೆ ಸಿಗುತ್ತದೆ. ವಿಳಾಸ ಊಹಿಸಬಾರದು, ಕೇಳಿ ತಿಳಿಯಬೇಕು. ಬೂಟ್‌ಲೋಡರ್ ಹೇಳಲು ಸಿದ್ಧ ಇದೆ.

ಲಿನಕ್ಸ್ ಇದನ್ನೇ ಮೆಮ್‌ಬ್ಲಾಕ್ ಅಂತ ಮಾಡುತ್ತದೆ. ಅದರಲ್ಲಿ ಎರಡು ಪಟ್ಟಿ. ಒಂದು, ಇರುವ ಮೆಮೊರಿ. ಇನ್ನೊಂದು, ಹಿಡಿದಿಟ್ಟದ್ದು. ಶುರುವಿನಲ್ಲಿ ಯಾರಿಗೆ ಜಾಗ ಬೇಕಾದರೂ ಮೊದಲ ಪಟ್ಟಿಯಲ್ಲಿ ಇದ್ದು ಎರಡನೆಯದರಲ್ಲಿ ಇಲ್ಲದ ಜಾಗ ಹುಡುಕಿ ಕೊಡುತ್ತದೆ. ಕರ್ನಲ್, ಇನಿಟ್‌ಆರ್‌ಡಿ (ಶುರುವಿಗೆ ಬೇಕಾದ ಫೈಲ್‌ಗಳ ಕಟ್ಟು), ಬೂಟ್‌ಲೋಡರ್ ಕೊಟ್ಟ ಡೇಟಾ ಎಲ್ಲವನ್ನೂ ಮೊದಲೇ ಎರಡನೇ ಪಟ್ಟಿಗೆ ಸೇರಿಸುತ್ತದೆ. ನಿಮ್ಮ ಚಿಕ್ಕ ಕರ್ನಲ್‌ಗೆ 32 ಸಾಲಿನ ಒಂದು ಅರೇ ಸಾಕು. ಶುರು, ಕೊನೆ, ಅಷ್ಟೇ. ಅರ್ಧ ಗಂಟೆಯ ಕೆಲಸ.

ಮೆಮೊರಿಯ ತುದಿ ಲೆಕ್ಕ ಹಾಕುವಾಗ ಟೈಪ್ 1 ಮಾತ್ರ ನೋಡಿ. ಈಚಿನ ಕ್ಯೂಎಮು ಕೆಲವು ಸೆಟ್ಟಿಂಗ್‌ನಲ್ಲಿ 1 ಟಿಬಿ ಗಡಿಯ ಕೆಳಗೆ 12 ಜಿಬಿ ರಿಸರ್ವ್ ಜಾಗ ತೋರಿಸುತ್ತದೆ. ಅದನ್ನೂ ಮೆಮೊರಿ ಅಂತ ಎಣಿಸಿದರೆ ಬಿಟ್‌ಮ್ಯಾಪ್ 32 ಎಂಬಿ ಆಗುತ್ತದೆ.

---

ಕೌಲ್‌ಬಜಾರ್_ಹುಡುಗ
ಭಾನುವಾರ, ರಾತ್ರಿ 1:20

ಅಣ್ಣ, ಅರೇ ಮಾಡಿದೆ. ಕರ್ನಲ್ ಮತ್ತು ಫಾಂಟ್ ಎರಡನ್ನೂ ಸೇರಿಸಿದೆ. ಬಿಟ್‌ಮ್ಯಾಪ್‌ಗೆ ಕೆಳಗಿನಿಂದ ಹುಡುಕಿ ಮೊದಲು ಸಿಕ್ಕ ಜಾಗ ಕೊಡುತ್ತೇನೆ. ಸೊನ್ನೆ ಪೇಜ್ ಬಿಟ್ಟು, ಹೆಕ್ಸ್ 1000ದಿಂದ ಹುಡುಕುತ್ತೇನೆ.

256 ಎಂಬಿಯಲ್ಲಿ "ನಮಸ್ಕಾರ ಬಳ್ಳಾರಿ" ಪೂರ್ತಿ ಬಂತು. ಲ್ಯಾಪ್‌ಟಾಪ್‌ನಲ್ಲೂ ಪೂರ್ತಿ ಬಂತು! ನಿಜವಾದ ಮಷಿನ್ ಮೇಲೆ ನನ್ನ ಅಕ್ಷರ ನೋಡಿದ್ದು ಇದೇ ಮೊದಲು. ಆದರೆ ಕೆಳಗಿನ ಸಾಲು ಹೀಗಿದೆ: "ಖಾಲಿ ಪೇಜ್: 0". ಕ್ಯೂಎಮುವಿನಲ್ಲಿ ಸರಿಯಾದ ಸಂಖ್ಯೆ ಬರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಸೊನ್ನೆ. 2 ಜಿಬಿಯಲ್ಲಿ ಒಂದು ಪೇಜೂ ಖಾಲಿ ಇಲ್ಲ ಅಂದರೆ ಹೇಗೆ?

---

ಗಂಗಾವತಿ_ಟೀಚರ್
ಭಾನುವಾರ, ಬೆಳಿಗ್ಗೆ 7:45

ಮತ್ತೆ ಅದೇ ಲೆಕ್ಕ ಮಾಡು. 2 ಜಿಬಿಗೆ ಬಿಟ್‌ಮ್ಯಾಪ್ 64 ಕೆಬಿ, ಅಂದರೆ ಹೆಕ್ಸ್ 10000. ನೀನು ಅದನ್ನು 1000ದಲ್ಲಿ ಇಟ್ಟೆ. ಅದು 11000ದ ತನಕ ಹೋಯಿತು. ನಿನ್ನೆ ಇಬಿಎಕ್ಸ್‌ನಲ್ಲಿ ಏನಿದೆ ಅಂತ ಹೇಳಿದ್ದೆ? 10000.

ಇಬಿಎಕ್ಸ್ ತೋರಿಸುವುದು ಮಲ್ಟಿಬೂಟ್ ಮಾಹಿತಿ ರಚನೆಯನ್ನು. ಮೆಮೊರಿ ಮ್ಯಾಪ್ ಕೂಡ ಅದರ ಪಕ್ಕದಲ್ಲೇ ಇದ್ದಂತಿದೆ. ನೀನು ಮ್ಯಾಪ್ ಒಂದು ಸಲ ಓದಿ ತುದಿ ಕಂಡುಹಿಡಿದೆ. ಬಿಟ್‌ಮ್ಯಾಪ್‌ಗೆ ಪೂರ್ತಿ 1 ತುಂಬಿದೆ, ಆಗ ಮ್ಯಾಪ್ ಮೇಲೂ 1 ತುಂಬಿತು. ಆಮೇಲೆ ಟೈಪ್ 1 ಬಿಡಿಸಲು ಮ್ಯಾಪ್ ಮತ್ತೆ ಓದಿದೆ. ಅಲ್ಲಿ ಟೈಪ್ 1 ಅನ್ನುವುದೇ ಉಳಿದಿಲ್ಲ. ಹಾಗಾಗಿ ಒಂದು ಪೇಜೂ ಬಿಡುಗಡೆ ಆಗಲಿಲ್ಲ. 256 ಎಂಬಿಯಲ್ಲಿ ಬಿಟ್‌ಮ್ಯಾಪ್ 3000ದಲ್ಲೇ ಮುಗಿದಿತ್ತು, ಅದಕ್ಕೆ ತಾಗಲಿಲ್ಲ.

ಇಂಥ ಚಿಕ್ಕ ಡೇಟಾಗೆ ನನ್ನ ಸಲಹೆ ಬೇರೆ. ಕಾಯುತ್ತಾ ಕೂರಬೇಡ, ನಕಲು ಮಾಡಿಕೋ. ಕರ್ನಲ್‌ನ ಬಿಎಸ್‌ಎಸ್ ಭಾಗದಲ್ಲಿ (ಶುರುವಿನಲ್ಲಿ ಸೊನ್ನೆ ಇರುವ ವೇರಿಯಬಲ್‌ಗಳ ಜಾಗ) ಒಂದಿಷ್ಟು ಜಾಗ ಇಟ್ಟುಕೋ. ಮೊದಲ ಕೆಲಸವಾಗಿ ಮಾಹಿತಿ ರಚನೆ, ಮೆಮೊರಿ ಮ್ಯಾಪ್, ಕಮಾಂಡ್ ಸಾಲು, ಮಾಡ್ಯೂಲ್ ಪಟ್ಟಿ, ಪ್ರತಿ ಮಾಡ್ಯೂಲ್‌ನ ಹೆಸರಿನ ಸಾಲು, ಎಲ್ಲವನ್ನೂ ಅಲ್ಲಿಗೆ ತಂದುಬಿಡು. ಹೆಸರಿನ ಸಾಲು ಎಲ್ಲರೂ ಮರೆಯುತ್ತಾರೆ, ರಚನೆಯೊಳಗೆ ಇರುವುದು ಅದರ ವಿಳಾಸ ಮಾತ್ರ. ನಕಲು ಆದ ಮೇಲೆ ಮೂಲ ಏನಾದರೂ ಚಿಂತೆ ಇಲ್ಲ. ಫಾಂಟ್‌ನಂಥ ದೊಡ್ಡದನ್ನು ಮಾತ್ರ ಇದ್ದಲ್ಲೇ ರಿಸರ್ವ್ ಮಾಡು.

ಬಿಟ್‌ಮ್ಯಾಪ್ ಹುಡುಕುವುದನ್ನು 1 ಎಂಬಿಯ ಮೇಲಿಂದ ಶುರುಮಾಡು. ಕೆಳಗಿನ 1 ಎಂಬಿಯನ್ನು ಲಿನಕ್ಸ್ ಕೂಡ ನಂಬುವುದಿಲ್ಲ. ಕೆಲವು ಬಯಾಸ್‌ಗಳು ಬೂಟ್ ಆದ ಮೇಲೂ ಅಲ್ಲಿ ಬರೆಯುತ್ತವೆ. 2021ರಿಂದ, 5.13 ಆವೃತ್ತಿಯಿಂದ ಲಿನಕ್ಸ್ ಎಕ್ಸ್86ನಲ್ಲಿ ಮೊದಲ 1 ಎಂಬಿಯನ್ನು ಪೂರ್ತಿ ರಿಸರ್ವ್ ಮಾಡುತ್ತದೆ.

ಹಿಡಿಯುವ ಉಪಾಯ ಒಂದು. ಶುರುವಿನಲ್ಲಿ ಫಾಂಟ್‌ನ ಎಲ್ಲ ಬೈಟ್ ಕೂಡಿಸಿ ಮೊತ್ತ ಬರೆದಿಟ್ಟುಕೋ. ಪ್ರತಿ ಹಂತ ಮುಗಿದಾಗ ಮತ್ತೆ ಕೂಡಿಸಿ ಹೋಲಿಸು. ಯಾವ ಹಂತದಲ್ಲಿ ಬದಲಾಯಿತೋ ಕಳ್ಳ ಅಲ್ಲಿದ್ದಾನೆ. ಕ್ಯೂಎಮುವಿಗೆ ಜಿಡಿಬಿ ಡಿಬಗರ್ ಜೋಡಿಸಿ 115000 ಮೇಲೆ ವಾಚ್‌ಪಾಯಿಂಟ್ (ಅಲ್ಲಿ ಬರೆದ ಕೂಡಲೇ ನಿಲ್ಲಿಸುವ ಗುರುತು) ಇಟ್ಟರೆ ಬರೆದ ಸಾಲೇ ಸಿಗುತ್ತದೆ.

---

ಶಕ್ತಿನಗರ_210, ರಾಯಚೂರು
ಭಾನುವಾರ, ಬೆಳಿಗ್ಗೆ 11:00

ಚರ್ಚೆ ಚೆನ್ನಾಗಿದೆ, ನಾನೂ ಸೇರುತ್ತೇನೆ. ನಾನು ಕೆಲಸ ಮಾಡುವುದು ರಿಸ್ಕ್-ಫೈವ್ ಮತ್ತು ಆರ್ಮ್ ಎಂಬ ಬೇರೆ ಬಗೆಯ ಸಿಪಿಯು ಇರುವ ಬೋರ್ಡ್‌ಗಳ ಮೇಲೆ. ಅಲ್ಲಿ ಈ ಕಥೆಗೆ ಬೇರೆ ಮುಖ ಇದೆ.

ಕ್ಯೂಎಮುವಿನ ರಿಸ್ಕ್-ಫೈವ್ ವರ್ಟ್ ಮಷಿನ್‌ನಲ್ಲಿ ರ‍್ಯಾಮ್ ಶುರುವಾಗುವುದು ಹೆಕ್ಸ್ 80000000ದಲ್ಲಿ. ಅಲ್ಲಿ ಓಪನ್‌ಎಸ್‌ಬಿಐ ಎಂಬ ಫರ್ಮ್‌ವೇರ್ ಕೂತಿರುತ್ತದೆ. ಕರ್ನಲ್ 80200000ದಲ್ಲಿ. ಓಪನ್‌ಎಸ್‌ಬಿಐ ಗ್ರಬ್ ಥರ ಎದ್ದು ಹೋಗುವುದಿಲ್ಲ. ಕೊನೆಯ ತನಕ ಕೆಳಗೇ ಇರುತ್ತದೆ, ಟೈಮರ್, ಶಟ್‌ಡೌನ್ ಎಲ್ಲ ಅದನ್ನೇ ಕೇಳಬೇಕು. ಅದಕ್ಕೆ ಅದು ಪಿಎಂಪಿ ಅನ್ನುವ ಹಾರ್ಡ್‌ವೇರ್ ಸೌಲಭ್ಯ ಬಳಸಿ ತನ್ನ ಜಾಗಕ್ಕೆ ಬೇಲಿ ಹಾಕುತ್ತದೆ. ಕರ್ನಲ್ ಅಲ್ಲಿ ಬರೆಯಲು ಹೋದರೆ ಆ ಕ್ಷಣವೇ ಟ್ರ್ಯಾಪ್ ಬರುತ್ತದೆ, ಕಾರಣ ಸಂಖ್ಯೆ 7, ಸ್ಟೋರ್ ಆಕ್ಸೆಸ್ ಫಾಲ್ಟ್. ಈ ಹುಡುಗನ ಥರ ಮೂರು ದಿನ ಹುಡುಕುವ ಕೆಲಸ ಇಲ್ಲ.

ಆದರೆ ಬೋರ್ಡ್‌ನಲ್ಲಿ ಏನೇನಿದೆ ಅಂತ ಕರ್ನಲ್‌ಗೆ ಹೇಳುವ ಡಿವೈಸ್ ಟ್ರೀಗೆ ಆ ಬೇಲಿ ಇಲ್ಲ. ಅದರ ವಿಳಾಸ ಎ1 ರಿಜಿಸ್ಟರ್‌ನಲ್ಲಿ ಬರುತ್ತದೆ, ಇರುವುದು ಸಾಮಾನ್ಯ ರ‍್ಯಾಮ್‌ನಲ್ಲಿ. ಕಾಪಾಡುವುದು ನಮ್ಮ ಕೆಲಸ. ಒಳ್ಳೆಯದೇನೆಂದರೆ ಡಿವೈಸ್ ಟ್ರೀಯ ತಲೆಯಲ್ಲೇ ಒಟ್ಟು ಗಾತ್ರ ಬರೆದಿರುತ್ತದೆ, ರಿಸರ್ವ್ ಮಾಡುವುದು ಸುಲಭ. ಮತ್ತು ಇಲ್ಲಿ ಕಾಲಂ 12 ಇದೆ! ಮೆಮೊರಿ ಎಷ್ಟಿದೆ ಅನ್ನುವುದು ಒಂದು ಕಡೆ, ಯಾವುದನ್ನು ಮುಟ್ಟಬಾರದು ಅನ್ನುವ ರಿಸರ್ವ್ ಪಟ್ಟಿ ಇನ್ನೊಂದು ಕಡೆ. ಅದನ್ನು ಓದದೆ ಮುಂದೆ ಹೋಗುವವರೇ ಜಾಸ್ತಿ.

ನಾನು ಪೆಟ್ಟು ತಿಂದದ್ದು ರಾಸ್ಪ್‌ಬೆರಿ ಪೈ 3ರಲ್ಲಿ. 64 ಬಿಟ್ ಕರ್ನಲ್ ಹೆಕ್ಸ್ 80000ದಲ್ಲಿ ಲೋಡ್ ಆಗುತ್ತದೆ. ಕೆಳಗೆ ಎಲ್ಲ ಖಾಲಿ ಅಂದುಕೊಂಡು ಮೊದಲ ಪೇಜ್‌ನಿಂದಲೇ ಸೊನ್ನೆ ಹಾಕುತ್ತಾ ಬಂದೆ. ಒಂದು ಕೋರ್ ಚೆನ್ನಾಗಿ ನಡೆಯಿತು. ಉಳಿದ ಮೂರನ್ನು ಎಬ್ಬಿಸಲು ಹೋದರೆ ಏಳಲೇ ಇಲ್ಲ. ವಾರ ಹೋಯಿತು. ಆ ಮೂರು ಕೋರ್‌ಗಳು ಮೊದಲ ಪೇಜ್‌ನಲ್ಲಿರುವ ಒಂದು ಚಿಕ್ಕ ಕೋಡ್‌ನಲ್ಲಿ ಸುತ್ತುತ್ತಾ, ನಾನು ಒಂದು ವಿಳಾಸ ಬರೆಯುವುದನ್ನೇ ಕಾಯುತ್ತಿದ್ದವು. ಅವು ನಿಂತಿದ್ದ ನೆಲವನ್ನೇ ನಾನು ಒರೆಸಿ ಹಾಕಿದ್ದೆ. ಆ ಬೋರ್ಡ್‌ನ ಡಿವೈಸ್ ಟ್ರೀಯಲ್ಲಿ ಮೊದಲ 4 ಕೆಬಿ ರಿಸರ್ವ್ ಅಂತ ಸ್ಪಷ್ಟವಾಗಿ ಬರೆದಿದೆ.

---

ಸಂಡೂರು_ಗುಡ್ಡ
ಭಾನುವಾರ, ಮಧ್ಯಾಹ್ನ 12:30

16 ಎಂಬಿ ವಿಷಯದಲ್ಲಿ ಸಿಂಧನೂರು ಅಣ್ಣ ಹೇಳಿದ್ದು ಸರಿ. ನಿನ್ನೆ ರಾತ್ರಿ 20 ಎಂಬಿ ಮಾಡ್ಯೂಲ್ ಹಾಕಿ ನೋಡಿದೆ, ನನ್ನದೂ ಬಿತ್ತು. ಈಗ ಲಿಮೈನ್ ಬೂಟ್‌ಲೋಡರ್‌ಗೆ ಹೋಗೋಣ ಅಂತಿದ್ದೇನೆ. ಅದರ ಮ್ಯಾಪ್‌ನಲ್ಲಿ "ಬೂಟ್‌ಲೋಡರ್ ರಿಕ್ಲೇಮಬಲ್" ಅಂತ ಒಂದು ಬಗೆ ಇದೆಯಂತೆ. ಹಾಗಾದರೆ ಈ ತಲೆನೋವೇ ಇಲ್ಲ ಅಲ್ವಾ?

---

ಸಿಂಧನೂರ್ಕಾರ
ಭಾನುವಾರ, ಮಧ್ಯಾಹ್ನ 2:15

ತಲೆನೋವು ಕಡಿಮೆ. ಲಿಮೈನ್ ಮ್ಯಾಪ್‌ನಲ್ಲಿ ಕರ್ನಲ್ ಮತ್ತು ಮಾಡ್ಯೂಲ್‌ಗೆ ಒಂದು ಬಗೆ, ಬೂಟ್‌ಲೋಡರ್ ಬಳಸಿದ ಜಾಗಕ್ಕೆ ಇನ್ನೊಂದು ಬಗೆ ಇದೆ. ಬಳಸಬಹುದಾದ್ದು ಅಂತ ಹೇಳಿದ ಜಾಗ ನಿಜವಾಗಿಯೂ ಖಾಲಿ. ನನಗೆ ಈ ಪದ್ಧತಿಯೇ ಸರಿ ಅನಿಸುತ್ತದೆ. ಗೊತ್ತಿರುವವರು ಹೇಳಬೇಕು.

ಅಪಾಯ ಇರುವುದು ಆ ರಿಕ್ಲೇಮಬಲ್ ಜಾಗವನ್ನು ವಾಪಸ್ ತೆಗೆದುಕೊಳ್ಳುವಾಗ. ಅದರಲ್ಲಿ ಏನೇನಿದೆ ನೋಡಿ. ನೀವು ಈಗ ನಿಂತಿರುವ ಸ್ಟ್ಯಾಕ್ ಅಲ್ಲಿದೆ. ಸಿಪಿಯು ಈಗ ಬಳಸುತ್ತಿರುವ ಪೇಜ್ ಟೇಬಲ್ ಅಲ್ಲಿದೆ. ಜಿಡಿಟಿ, ಅಂದರೆ ಮೆಮೊರಿ ಸೆಗ್ಮೆಂಟ್‌ಗಳ ವಿವರ ಇರುವ ಪಟ್ಟಿ, ಅಲ್ಲಿದೆ. ಲಿಮೈನ್ ಕೊಟ್ಟ ಉತ್ತರಗಳೆಲ್ಲ ಅಲ್ಲಿವೆ. ಯಾವ ಜಾಗ ಬಿಡಬೇಕು ಅಂತ ಹೇಳುವ ಮೆಮೊರಿ ಮ್ಯಾಪ್ ಕೂಡ ನೀವು ಬಿಡುತ್ತಿರುವ ಜಾಗದಲ್ಲೇ ಇದೆ! ಮೊದಲು ನಿಮ್ಮ ಪೇಜ್ ಟೇಬಲ್, ನಿಮ್ಮ ಸ್ಟ್ಯಾಕ್, ನಿಮ್ಮ ಜಿಡಿಟಿ ತಯಾರಾಗಬೇಕು. ಬೇಕಾದ ಉತ್ತರ ನಕಲಾಗಬೇಕು. ಆಮೇಲೆ ಬಿಡುವುದು. ಶುರುವಿನ ಹೊಸ್ತಿಲಲ್ಲೇ ಅವಸರ ಬೇಡ. ಅಲ್ಲಿ ಸಿಗುವುದು ಚೂರು ಮೆಮೊರಿ.

ಜಿಡಿಟಿ ಬಗ್ಗೆ ಮಲ್ಟಿಬೂಟ್ ಬಳಸುವವರಿಗೂ ಒಂದು ಮಾತು. ಗ್ರಬ್ ಬಿಟ್ಟುಹೋದ ಜಿಡಿಟಿಯನ್ನು ನಂಬಬೇಡಿ. ಅದು ಅಳಿಸಿಹೋದರೂ ತಕ್ಷಣ ಗೊತ್ತಾಗುವುದಿಲ್ಲ, ಯಾಕೆಂದರೆ ಸಿಪಿಯು ಸೆಗ್ಮೆಂಟ್ ವಿವರವನ್ನು ಒಮ್ಮೆ ಓದಿ ಒಳಗೆ ಇಟ್ಟುಕೊಂಡಿರುತ್ತದೆ. ಮೊದಲ ಇಂಟರಪ್ಟ್ ಬಂದಾಗ ಮತ್ತೆ ಜಿಡಿಟಿ ನೋಡುತ್ತದೆ. ಅಲ್ಲಿ ಕಸ ಇದ್ದರೆ ಫಾಲ್ಟ್, ಅದರ ಮೇಲೆ ಡಬಲ್ ಫಾಲ್ಟ್, ಕೊನೆಗೆ ಟ್ರಿಪಲ್ ಫಾಲ್ಟ್, ರೀಬೂಟ್. ನೀವು ಮಾತ್ರ ಕೀಬೋರ್ಡ್ ಡ್ರೈವರ್‌ನಲ್ಲಿ ತಪ್ಪು ಹುಡುಕುತ್ತಾ ಕೂರುತ್ತೀರಿ.

ಯುಇಎಫ್‌ಐ ಬಗ್ಗೆ ಕೇಳುವವರಿಗೆ: ಅಲ್ಲಿ ಲೋಡರ್ ಡೇಟಾ, ಬೂಟ್ ಸರ್ವಿಸ್ ಡೇಟಾ, ರನ್‌ಟೈಮ್ ಡೇಟಾ ಅಂತ ಬಗೆಗಳೇ ಬೇರೆ ಬೇರೆ. ಫರ್ಮ್‌ವೇರ್‌ನಿಂದ ಹಿಡಿತ ಪಡೆಯುವ ಎಕ್ಸಿಟ್ ಬೂಟ್ ಸರ್ವಿಸಸ್ ಫಂಕ್ಷನ್ ಕರೆದ ಮೇಲೆ ಬೂಟ್ ಸರ್ವಿಸ್ ಜಾಗ ನಮ್ಮದು ಅಂತ ನಿಯಮ. ಆದರೂ ಲಿನಕ್ಸ್ ಅದನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡು ಆಮೇಲೆ ಬಿಡುತ್ತದೆ. ಕೆಲವು ಫರ್ಮ್‌ವೇರ್ ತನ್ನ ಕೆಲಸ ಮುಗಿದರೂ ಆ ಜಾಗ ಮುಟ್ಟುತ್ತದೆ. ರನ್‌ಟೈಮ್ ಜಾಗ ಮಾತ್ರ ಯಾವತ್ತೂ ಬಿಡಬಾರದು.

---

ಕೌಲ್‌ಬಜಾರ್_ಹುಡುಗ
ಭಾನುವಾರ, ರಾತ್ರಿ 10:50

ಎಲ್ಲ ಮಾಡಿದೆ. ಕರ್ನಲ್‌ನ ಮೊದಲ ಫಂಕ್ಷನ್ ಈಗ ನಕಲು ಮಾಡುವುದು ಮಾತ್ರ. ಮೆಮೊರಿ ಮ್ಯಾಪ್‌ಗೆ 64 ಸಾಲಿನ ಜಾಗ ಇಟ್ಟಿದ್ದೇನೆ, ಜಾಸ್ತಿ ಬಂದರೆ ಅಲ್ಲೇ ನಿಲ್ಲಿಸಿ ಸೀರಿಯಲ್‌ಗೆ ಬರೆಯುತ್ತದೆ. ಆಮೇಲೆ ನನ್ನದೇ ಜಿಡಿಟಿ. ಆಮೇಲೆ ರಿಸರ್ವ್ ಪಟ್ಟಿ: ಮೊದಲ 1 ಎಂಬಿ, ಕರ್ನಲ್, ಫಾಂಟ್. ಬಿಟ್‌ಮ್ಯಾಪ್‌ಗೆ ಜಾಗ ಸಿಕ್ಕ ಮೇಲೆ ಅದನ್ನೂ ಅದೇ ಪಟ್ಟಿಗೆ ಸೇರಿಸುತ್ತೇನೆ. ನಕಲಿಗೆ ಬಿಎಸ್‌ಎಸ್ ದೊಡ್ಡದಾದರೂ ಕರ್ನಲ್ 115000ದ ಒಳಗೇ ಮುಗಿಯುತ್ತದೆ, ಫಾಂಟ್ ಇದ್ದಲ್ಲೇ ಇದೆ. ಲ್ಯಾಪ್‌ಟಾಪ್‌ನಲ್ಲಿ ಬಿಟ್‌ಮ್ಯಾಪ್ ಈಗ 119000ದಲ್ಲಿ ಶುರುವಾಗಿ 129000ಕ್ಕೆ ಮುಗಿಯುತ್ತದೆ. ಅಂದರೆ ಫಾಂಟ್ ಮುಗಿದ ಮೇಲೆ.

ಟೀಚರ್ ಮೇಡಂ ಹೇಳಿದ ಮೊತ್ತದ ಪರೀಕ್ಷೆಯನ್ನೂ ಹಾಕಿದೆ. ಆರು ಹಂತದಲ್ಲೂ ಮೊತ್ತ ಒಂದೇ ಬರುತ್ತಿದೆ. ಇರುವ ಖಾಲಿ ಪೇಜ್ ಎಲ್ಲವನ್ನೂ ಒಂದೊಂದಾಗಿ ಕೇಳಿ, ಎಲ್ಲದರಲ್ಲೂ 1 ತುಂಬಿ, ಆಮೇಲೆ ಫಾಂಟ್ ಮೊತ್ತ ನೋಡಿದೆ. ಆಗಲೂ ಬದಲಾಗಲಿಲ್ಲ. 128, 256, 512 ಎಂಬಿ, 1 ಜಿಬಿ, 2 ಜಿಬಿ, ಎಲ್ಲದರಲ್ಲೂ ನಡೆಸಿದೆ.

ಸಂಜೆ ಮಾವನ ಅಂಗಡಿಯಲ್ಲಿ ಲ್ಯಾಪ್‌ಟಾಪ್ ಆನ್ ಮಾಡಿದೆ. ಜೆರಾಕ್ಸ್ ಮಾಡಿಸಲು ಬಂದಿದ್ದ ಒಬ್ಬರು ಅಜ್ಜ ನಿಂತು "ನಮಸ್ಕಾರ ಬಳ್ಳಾರಿ" ಅಂತ ಜೋರಾಗಿ ಓದಿದರು. ಕೆಳಗಿನ ಸಾಲಿನಲ್ಲಿ ಖಾಲಿ ಪೇಜ್ 5 ಲಕ್ಷದ ಮೇಲಿದೆ.

128ನೇ ಜಾಗವನ್ನೂ ಬರೆಸಿ ನೋಡಿದೆ ಅಣ್ಣ. ಎರಡು ಗೆರೆ ಹೋಗಿವೆ.